ಗೇರ್‌ಬಾಕ್ಸ್ ಹೋಯ್ತು ಅನ್ನುವ ಮೊದಲು

2001ರಿಂದ 2003ರವರೆಗಿನ ಮಾದರಿಯ ಟೊಯೊಟಾ ರಾವ್4 ಕಾರು ಕೊಂಡ ಅಮೆರಿಕದ ಹಲವರಿಗೆ ಕೆಲವು ವರ್ಷಗಳ ನಂತರ ಒಂದೇ ಬಗೆಯ ತಕರಾರು ಶುರುವಾಯಿತು. ಹೊರಟ ಗಾಡಿ ಒಂದರಿಂದ ಎರಡನೇ ಗೇರಿಗೆ, ಎರಡರಿಂದ ಮೂರಕ್ಕೆ ಹೋಗುವಾಗ ದಡಕ್ಕನೆ ಎಗರುತ್ತಿತ್ತು. ಆಟೊಮ್ಯಾಟಿಕ್ ಕಾರಿನಲ್ಲಿ ಗೇರು ಬದಲಿಸುವುದು ಗಾಡಿಯದೇ ಕೆಲಸ. ಆ ಕೆಲಸ ಕೆಟ್ಟಿತೆಂದರೆ ಗೇರ್‌ಬಾಕ್ಸೇ ಕೆಟ್ಟಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆಂದುಕೊಂಡು ದೊಡ್ಡ ಮೊತ್ತ ಸುರಿದು ಗೇರ್‌ಬಾಕ್ಸ್ ಬದಲಿಸಿಕೊಂಡವರಿದ್ದರು. ಬದಲಿಸಿದ ಮೇಲೂ ಕಾರು ಎಗರುವುದನ್ನು ಬಿಡಲಿಲ್ಲ.

ಕಳ್ಳ ಕೂತಿದ್ದದ್ದು ಬೇರೆ ಕಡೆ. ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಇಸಿಎಂ ಎಂಬ ಪುಟ್ಟ ಕಂಪ್ಯೂಟರ್ ಒಳಗೊಳಗೇ ಕೆಟ್ಟು, ಗೇರ್‌ಬಾಕ್ಸಿನೊಳಗೆ ಕವಾಟ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳಿಗೆ ಸಲ್ಲದ ಆಜ್ಞೆ ಕಳಿಸುತ್ತಿತ್ತು. ಕೊನೆಗೆ ಟೊಯೊಟಾ ಆ ಮಾಡ್ಯೂಲಿನ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಇದರಲ್ಲಿ ಇನ್ನೊಂದು ಸಂಕಟವೂ ಇತ್ತು. ತಪ್ಪು ಆಜ್ಞೆಯ ಹೊಡೆತವನ್ನು ತುಂಬಾ ದಿನ ತಿಂದ ಗೇರ್‌ಬಾಕ್ಸ್ ಆಮೇಲೆ ನಿಜವಾಗಿಯೂ ಹಾಳಾಗುವ ಸಾಧ್ಯತೆ ಇತ್ತು.

ನಮ್ಮ ರಸ್ತೆಗಳಲ್ಲೂ ಈಗ ವಯಸ್ಸಾಗುತ್ತಿರುವ ಆಟೊಮ್ಯಾಟಿಕ್ ಕಾರುಗಳು ಸಾಕಷ್ಟಿವೆ. ಮೂರು ಗೇರಿನ ಮಾರುತಿ ಝೆನ್ ಈಗ ಅಪರೂಪ. ಆದರೆ ನಾಲ್ಕು ಗೇರಿನ ಹುಂಡೈ ಐ10, 2008ರ ನಂತರದ ಐದು ಗೇರಿನ ಹೋಂಡಾ ಸಿಟಿ, ಮೂರನೆಯ ನಾಲ್ಕನೆಯ ಕೈಗೆ ಬಂದಿರುವ ಮರ್ಸಿಡಿಸ್ ಬೆಂಜ್ ಇವೆಲ್ಲ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕಾಣಸಿಗುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಾಲಿಗೆ ಬಿಡುವು ಸಿಗಲಿ ಎಂದು ಕೊಂಡವರು, ಒಂದು ದಿನ ಗೇರು ಜಾರತೊಡಗಿದಾಗ ಗ್ಯಾರೇಜಿನಲ್ಲಿ ಕೇಳಿಸಿಕೊಳ್ಳುವ ಮಾತು ಒಂದೇ: ‘ಸಾರ್, ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು.’

ಗೇರ್‌ಬಾಕ್ಸ್ ಇಳಿಸುವುದು ಈ ವಿಚಾರಣೆಯ ಕೊನೆಯ ಹಂತ. ಅದಕ್ಕೆ ಮೊದಲು ನೋಡಬೇಕಾದ ಸಂಗತಿಗಳಲ್ಲಿ ಹೆಚ್ಚಿನವು ಅಗ್ಗದವು. ಕೆಲವಕ್ಕಂತೂ ಒಂದು ಹಳೆಯ ಬಿಳಿ ಬಟ್ಟೆ ಸಾಕು.

ಯಾವ ಆಟೊಮ್ಯಾಟಿಕ್?

ಮೊದಲ ಪ್ರಶ್ನೆಯೇ ಇದು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆಗೆ ಬಂದ ಎಎಂಟಿ ಎಂಬುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿದ್ದಾರೆ. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ರಾಟೆಗಳು ಮತ್ತು ಒಂದು ಲೋಹದ ಬೆಲ್ಟು. ಎರಡು ಕ್ಲಚ್ಚಿನ ಡಿಸಿಟಿಯ ರೋಗಗಳೇ ಬೇರೆ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಡಿಎಸ್‌ಜಿ ಎಂಬ ತನ್ನ ಡಿಸಿಟಿ ಇರುವ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ, ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ತುಂಬಿದ್ದು ಇದಕ್ಕೊಂದು ನಿದರ್ಶನ. ಈ ಬರಹದ ವಿಷಯ ಇವುಗಳೆಲ್ಲಕ್ಕಿಂತ ಹಳೆಯದಾದ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್.

ಮ್ಯಾನ್ಯುಯಲ್ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಇಲ್ಲಿ ಆ ಜಾಗದಲ್ಲಿರುವುದು ಎಣ್ಣೆ ತುಂಬಿದ ದುಂಡನೆಯ ಟಾರ್ಕ್ ಕನ್ವರ್ಟರ್. ಎಂಜಿನ್ ತಿರುಗಿದಂತೆ ಅದರ ಒಂದು ಬದಿಯ ರೆಕ್ಕೆಗಳು ಎದುರು ಬದಿಯ ರೆಕ್ಕೆಗಳ ಮೇಲೆ ಎಣ್ಣೆ ಎರಚುತ್ತವೆ. ಆ ರಭಸಕ್ಕೆ ಅವೂ ತಿರುಗುತ್ತವೆ. ಜರ್ಮನಿಯ ಎಂಜಿನಿಯರ್ ಹರ್ಮಾನ್ ಫಟಿಂಗರ್ ಹಡಗುಗಳಿಗಾಗಿ ಈ ಉಪಾಯ ಹೂಡಿ 1905ರಲ್ಲಿ ಪೇಟೆಂಟ್ ಪಡೆದಿದ್ದರು. ಕಾರಿಗೆ ಎಣ್ಣೆಯ ಈ ಜಾಣ್ಮೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ಗಳಲ್ಲಿ. ಜನರಲ್ ಮೋಟರ್ಸ್ ಅದನ್ನು ಹೈಡ್ರಾಮ್ಯಾಟಿಕ್ ಎಂದು ಕರೆಯಿತು. ಫಟಿಂಗರ್ ಉಪಾಯದ ಸರಳ ರೂಪವಾದ ಫ್ಲೂಯಿಡ್ ಕಪ್ಲಿಂಗ್ ಅದರಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕುಗಳ ಹೊಟ್ಟೆಯನ್ನೂ ಸೇರಿತು.

ಟಾರ್ಕ್ ಕನ್ವರ್ಟರಿನ ಹಿಂದೆ ಪ್ಲಾನೆಟರಿ ಗೇರುಗಳಿರುತ್ತವೆ. ನಡುವೆ ಸೂರ್ಯನೆಂಬ ಗೇರು, ಅದರ ಸುತ್ತ ಗ್ರಹಗಳೆಂಬ ಸಣ್ಣ ಗೇರುಗಳು, ಎಲ್ಲವನ್ನೂ ಬಳಸಿ ಒಂದು ಹಲ್ಲಿನ ಉಂಗುರ. ಇವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸಿ ಯಾವುದನ್ನು ತಿರುಗಲು ಬಿಡುತ್ತಾರೆ ಎಂಬುದರ ಮೇಲೆ ಒಂದನೇ ಗೇರೋ, ಮೂರನೇ ಗೇರೋ, ರಿವರ್ಸೋ ಎಂಬುದು ನಿರ್ಧಾರವಾಗುತ್ತದೆ. ಹೋಂಡಾ ಮಾತ್ರ ತನ್ನ ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಗ್ರಹಗಳ ಸಹವಾಸ ಬಿಟ್ಟು, ಮ್ಯಾನ್ಯುಯಲ್ ಪೆಟ್ಟಿಗೆಯಲ್ಲಿರುವಂತೆ ಪಕ್ಕಪಕ್ಕದ ಶಾಫ್ಟುಗಳನ್ನೇ ಇಟ್ಟುಕೊಂಡು ಗೇರುಗಳನ್ನು ಕ್ಲಚ್ಚುಗಳಿಂದ ಹಿಡಿಸುತ್ತದೆ. ಎರಡರಲ್ಲೂ ಹಿಡಿಯುವ ಕೆಲಸ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳದು. ಅವನ್ನು ಅದುಮುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಆ ಒತ್ತಡಕ್ಕೆ ದಾರಿ ತೋರಿಸುವುದು ವಾಲ್ವ್ ಬಾಡಿ ಎಂಬ ಅಲ್ಯೂಮಿನಿಯಂ ಅಚ್ಚು. ಅದರೊಳಗಿನ ಸಂದುಗೊಂದುಗಳಲ್ಲಿ ಕವಾಟಗಳನ್ನು ತೆರೆದು ಮುಚ್ಚುವುದಕ್ಕೆ ಕಂಪ್ಯೂಟರಿನ ಮಾತು ಕೇಳುವ ಸೊಲೆನಾಯ್ಡ್‌ಗಳಿವೆ.

ಹೀಗೆ ಬಲ ಸಾಗಿಸುವುದು, ಕ್ಲಚ್ ಅದುಮುವುದು, ಸವೆತ ತಡೆಯುವುದು, ಬಿಸಿ ಹೊತ್ತೊಯ್ಯುವುದು ಎಲ್ಲವೂ ಒಂದೇ ಎಣ್ಣೆಯ ಹೊಣೆ. ಎಟಿಎಫ್ ಎಂದು ಕರೆಯುವ ಈ ಎಣ್ಣೆ ಗೇರಿನ ಹಲ್ಲುಗಳ ನಡುವೆ ಜಾರಬೇಕು, ಕ್ಲಚ್ ಪ್ಲೇಟುಗಳ ನಡುವೆ ಹದವಾಗಿ ಕಚ್ಚಿಕೊಳ್ಳಲು ಬಿಡಬೇಕು. ಈ ಹದಕ್ಕಾಗಿ ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಅಳಿವಿನಂಚಿನ ಪ್ರಾಣಿಗಳ ರಕ್ಷಣೆಯ ಕಾನೂನು ಬಂದಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು.

ಬಿಳಿ ಬಟ್ಟೆಯ ಮೇಲೊಂದು ಹನಿ

ಹಾಗಾಗಿ ತಪಾಸಣೆ ಶುರುವಾಗಬೇಕಾದದ್ದು ಎಣ್ಣೆಯಿಂದ. ಡಿಪ್‌ಸ್ಟಿಕ್ ಇರುವ ಹೆಚ್ಚಿನ ಕಾರುಗಳಲ್ಲಿ ಎಟಿಎಫ್ ಮಟ್ಟ ನೋಡುವ ಕ್ರಮ ಎಂಜಿನ್ ಆಯಿಲ್ ನೋಡುವ ಕ್ರಮಕ್ಕೆ ತದ್ವಿರುದ್ಧ. ಗಾಡಿ ಓಡಿ ಬಿಸಿಯಾಗಿರಬೇಕು, ಸಮತಟ್ಟಾದ ನೆಲದಲ್ಲಿ ನಿಂತಿರಬೇಕು, ಎಂಜಿನ್ ಚಾಲೂ ಇರಬೇಕು, ಗೇರು ಪಾರ್ಕಿನಲ್ಲಿರಬೇಕು. ಹೋಂಡಾದಲ್ಲಿ ಹಾಗಲ್ಲ. ಬಿಸಿಯಾದ ಎಂಜಿನ್ ಆಫ್ ಮಾಡಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಇದು ಗೊತ್ತಿಲ್ಲದೆ ತಣ್ಣಗಿನ ಗಾಡಿಯಲ್ಲಿ ಅಳೆದು, ಕಡಿಮೆಯಿದೆಯೆಂದು ಇನ್ನೊಂದು ಲೀಟರ್ ಸುರಿದು ಕಾಯಿಲೆ ತರಿಸಿಕೊಂಡವರೂ ಇದ್ದಾರೆ.

ಕಡಿಮೆಯಾದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ಡ್ರೈವ್‌ಗೆ ಹಾಕಿದ ಮೇಲೆ ಗಾಡಿ ಎರಡು ಮೂರು ಸೆಕೆಂಡು ಸುಮ್ಮನಿದ್ದು ಆಮೇಲೆ ‘ಧಡ್’ ಎಂದು ಹಿಡಿಯುವುದು, ತಿರುವಿನಲ್ಲಿ ಗೇರು ಬಿಟ್ಟುಕೊಳ್ಳುವುದು ಇದರ ಲಕ್ಷಣ. ಹೆಚ್ಚಾದರೂ ತೊಂದರೆಯೇ. ತಿರುಗುವ ಗೇರುಗಳು ಎಣ್ಣೆಯನ್ನು ಮೊಸರು ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ತಡೆದುಕೊಳ್ಳುವ ಶಕ್ತಿಯಿಲ್ಲ, ಕ್ಲಚ್ ಜಾರುತ್ತದೆ. ಎರಡು ತಪ್ಪುಗಳ ಲಕ್ಷಣವೂ ಹೊರನೋಟಕ್ಕೆ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಅಳೆಯದೆ ಊಹಿಸುವಂತಿಲ್ಲ.

ಆಮೇಲೆ ಬಣ್ಣ. ಹೊಸ ಎಟಿಎಫ್ ಸಾಮಾನ್ಯವಾಗಿ ಕೆಂಪು. ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗುರುತು ಸಿಗಲಿ ಎಂದು ಬೆರೆಸಿದ ಬಣ್ಣ ಅದು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿದರೆ ಸಾಕಷ್ಟು ತಿಳಿಯುತ್ತದೆ. ಕೆಂಪು ಮಾಸಿ ಕಂದಾಗಿದ್ದರೆ ವಯಸ್ಸಾಗಿದೆ ಎಂದರ್ಥ, ಗಾಬರಿಯಿಲ್ಲ. ಕಪ್ಪಗಿದ್ದು ಸುಟ್ಟ ವಾಸನೆ ಹೊಡೆದರೆ ಕ್ಲಚ್ ಪ್ಲೇಟುಗಳು ಬೆಂದಿವೆ. ಹನಿಯ ನಡುವೆ ಕಪ್ಪು ಚುಕ್ಕೆಗಳು ಉಳಿದುಕೊಂಡರೆ ಅದು ಪ್ಲೇಟುಗಳಿಂದ ಉದುರಿದ ಪುಡಿ.

ಎಲ್ಲಕ್ಕಿಂತ ಕೆಟ್ಟ ಬಣ್ಣ ತಿಳಿಗುಲಾಬಿ. ಹಲವು ಕಾರುಗಳಲ್ಲಿ ಎಟಿಎಫ್ ತಂಪಾಗುವ ಕೊಳವೆ ರೇಡಿಯೇಟರಿನ ಒಳಗೇ ಇರುತ್ತದೆ. ಆ ಕೊಳವೆ ತೂತಾದರೆ ಕೂಲಂಟ್ ಎಣ್ಣೆಗೆ ಬೆರೆಯುತ್ತದೆ. 2005ರಿಂದ 2010ರವರೆಗಿನ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳಲ್ಲಿ ಹೀಗೇ ಆಗಿ, ಅಮೆರಿಕದ ಮಾಲೀಕರು ಅದಕ್ಕೆ ‘ಸಾವಿನ ಸ್ಟ್ರಾಬೆರಿ ಮಿಲ್ಕ್‌ಶೇಕ್’ ಎಂದೇ ಹೆಸರಿಟ್ಟರು. ಪ್ರಕರಣ ಕೋರ್ಟಿಗೂ ಹೋಯಿತು. ಕೂಲಂಟಿನ ಗ್ಲೈಕಾಲ್ ಕ್ಲಚ್ ಪ್ಲೇಟಿಗೆ ಘರ್ಷಣೆಯ ಪದರವನ್ನು ಅಂಟಿಸಿರುವ ಗೋಂದನ್ನೇ ಸಡಿಲಿಸುತ್ತದೆ. ಹೆಚ್ಚು ದಿನ ಹಾಗೇ ಓಡಿಸಿದರೆ ಬರಿ ಎಣ್ಣೆ ಬದಲಿಸಿ ಗೇರ್‌ಬಾಕ್ಸ್ ಉಳಿಸಿಕೊಳ್ಳುವುದು ಕಷ್ಟ.

ತಳದ ಪ್ಯಾನ್ ಬಿಚ್ಚಿದರೆ ಅಲ್ಲೊಂದು ಆಯಸ್ಕಾಂತ ಕೂತಿರುತ್ತದೆ. ಹೋಂಡಾದಲ್ಲಿ ಡ್ರೈನ್ ಬೋಲ್ಟಿನ ತುದಿಯೇ ಆಯಸ್ಕಾಂತ. ಅದರ ಮೇಲೆ ಬೂದುಬಣ್ಣದ ನುಣ್ಣನೆಯ ಲೇಪ ಅಂಟಿರುತ್ತದೆ. ಬೆರಳಿನಲ್ಲಿ ತಿಕ್ಕಿದಾಗ ಕಾಡಿಗೆಯಷ್ಟು ನಯವಾಗಿದ್ದರೆ ಅದು ವರ್ಷಗಳ ಸಹಜ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ, ಪ್ಯಾನಿನ ತಳದಲ್ಲಿ ಹಿತ್ತಾಳೆ ಬಣ್ಣದ ಹೊಟ್ಟು ಮಿನುಗಿದರೆ ಬೇರಿಂಗೋ ಬುಷ್ಷೋ ಗೇರಿನ ಹಲ್ಲೋ ಹೋಗಿದೆ. ಆಗ ಇಳಿಸದೆ ಬೇರೆ ದಾರಿಯಿಲ್ಲ.

ಜಾರುತ್ತಿರುವುದು ಯಾವ ಗೇರು?

ಎಣ್ಣೆ ಸರಿಯಿದ್ದೂ ತೊಂದರೆ ಇದ್ದರೆ ಮುಂದಿನ ಸುಳಿವು ಡ್ರೈವರ್ ಸೀಟಿನಲ್ಲೇ ಸಿಗುತ್ತದೆ. ಎಲ್ಲ ಗೇರೂ ಜಾರುತ್ತಿದೆಯೇ, ಒಂದೆರಡು ಮಾತ್ರವೇ? ತಣ್ಣಗಿದ್ದಾಗಲೇ, ಬಿಸಿಯಾದ ಮೇಲೆಯೇ? ಗ್ಯಾರೇಜಿಗೆ ಹೋಗಿ ‘ಪಿಕಪ್ ಇಲ್ಲ’ ಎನ್ನುವುದಕ್ಕಿಂತ ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ.

ಕ್ರೈಸ್ಲರ್ ಕಂಪನಿ 1989ರ ಮಾದರಿಗಳಲ್ಲಿ ತಂದ ಅಲ್ಟ್ರಾಡ್ರೈವ್ ಎಂಬ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ನೋಡಬಹುದು. ಅದರಲ್ಲಿ ಐದು ಕ್ಲಚ್ಚುಗಳು. ಒಂದು ಗೇರಿಗೆ ಎರಡು ಕ್ಲಚ್ ಸೇರಿ ಹಿಡಿಯಬೇಕು. ಒಂದನೇ ಗೇರಿಗೆ ಅಂಡರ್‌ಡ್ರೈವ್ ಮತ್ತು ಲೋ-ರಿವರ್ಸ್ ಎಂಬ ಕ್ಲಚ್ಚುಗಳು. ಎರಡನೆಯದಕ್ಕೆ ಅಂಡರ್‌ಡ್ರೈವ್ ಜೊತೆ ಎರಡು-ನಾಲ್ಕು ಎಂಬ ಕ್ಲಚ್. ಮೂರನೆಯದಕ್ಕೆ ಅಂಡರ್‌ಡ್ರೈವ್ ಜೊತೆ ಓವರ್‌ಡ್ರೈವ್. ನಾಲ್ಕನೆಯದಕ್ಕೆ ಓವರ್‌ಡ್ರೈವ್ ಜೊತೆ ಎರಡು-ನಾಲ್ಕು. ಹಿಂದಕ್ಕೆ ಹೋಗಲು ರಿವರ್ಸ್ ಮತ್ತು ಲೋ-ರಿವರ್ಸ್.

ಈಗ ಎರಡನೇ ಮತ್ತು ನಾಲ್ಕನೇ ಗೇರು ಮಾತ್ರ ಜಾರುತ್ತಿದ್ದು ಮೂರನೆಯದು ಗಟ್ಟಿಯಾಗಿ ಹಿಡಿಯುತ್ತಿದೆ ಎನ್ನಿ. ಎರಡರಲ್ಲೂ ನಾಲ್ಕರಲ್ಲೂ ಇದ್ದು ಮೂರರಲ್ಲಿ ಇಲ್ಲದ ಕ್ಲಚ್ ಒಂದೇ, ಎರಡು-ನಾಲ್ಕು. ಸಂಶಯ ಅದರ ಮೇಲೆ, ಅದಕ್ಕೆ ಒತ್ತಡ ಕಳಿಸುವ ಸೊಲೆನಾಯ್ಡ್ ಮೇಲೆ. ರಿವರ್ಸ್ ಸರಿಯಾಗಿದ್ದು ಮುಂದಿನ ಒಂದು, ಎರಡು, ಮೂರು ಗೇರುಗಳೆಲ್ಲ ಜಾರಿದರೆ ಬೆರಳು ಅಂಡರ್‌ಡ್ರೈವ್ ಕಡೆ ತಿರುಗುತ್ತದೆ. ಮುಂದಕ್ಕೂ ಹಿಂದಕ್ಕೂ ಯಾವ ಗೇರೂ ಹಿಡಿಯುತ್ತಿಲ್ಲವೆಂದರೆ ಅಷ್ಟೂ ಕ್ಲಚ್ಚುಗಳು ಒಂದೇ ದಿನ ಸಾಯುವುದಿಲ್ಲ. ಎಲ್ಲಕ್ಕೂ ಸಾಮಾನ್ಯವಾದದ್ದು ಯಾವುದೋ ಅದು ಕೆಟ್ಟಿದೆ: ಎಣ್ಣೆಯ ಮಟ್ಟ, ಕಟ್ಟಿಕೊಂಡ ಫಿಲ್ಟರ್, ಪಂಪು, ಇಲ್ಲವೇ ಟಾರ್ಕ್ ಕನ್ವರ್ಟರ್. ಪ್ರತಿಯೊಂದು ಆಟೊಮ್ಯಾಟಿಕ್‌ಗೂ ಇಂಥ ಕ್ಲಚ್ ಕೋಷ್ಟಕ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಕಾಲ ಮತ್ತು ಬಿಸಿಯ ಲೆಕ್ಕವೂ ಹೀಗೇ. ಬೆಳಗ್ಗೆ ಮೊದಲ ಸಲ ಗೇರು ಹಾಕಿದಾಗ ತಡವಾಗಿ ಹಿಡಿದು ಹತ್ತು ನಿಮಿಷದಲ್ಲಿ ಸರಿಹೋದರೆ, ಗಡುಸಾದ ರಬ್ಬರ್ ಸೀಲುಗಳು ಬಿಸಿಗೆ ಮೆತ್ತಗಾಗಿ ಕೂತುಕೊಳ್ಳುತ್ತಿವೆ ಎಂದು ಅನುಮಾನಿಸಬಹುದು. ಬೆಳಗ್ಗೆ ಚೆನ್ನಾಗಿದ್ದು ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಜಾರತೊಡಗಿದರೆ, ಬಿಸಿಗೆ ತೆಳುವಾದ ಎಣ್ಣೆ ಸವೆದ ಸಂದಿಗಳಿಂದ ಸೋರಿ ಒತ್ತಡ ಇಳಿಯುತ್ತಿದೆ.

ಇನ್ನೊಂದು ಲಕ್ಷಣ ನಡುಕ. 60-80 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಹೋಗುತ್ತಿರುವಾಗ ಕಾರು ಸಣ್ಣಗೆ ಗಡಗಡಿಸಿ ನಿಲ್ಲುತ್ತದೆ. ಟಯರ್ ಬ್ಯಾಲೆನ್ಸ್ ಎಂದುಕೊಂಡು ಹಲವರು ಚಕ್ರದ ಅಂಗಡಿಗೆ ಹೋಗುತ್ತಾರೆ. ಇಂಧನ ಉಳಿಸಲು ಟಾರ್ಕ್ ಕನ್ವರ್ಟರಿನೊಳಗೆ ಲಾಕಪ್ ಕ್ಲಚ್ ಎಂಬುದೊಂದಿದೆ. ಸಮವೇಗದಲ್ಲಿ ಅದು ಹಿಡಿದುಕೊಂಡು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುತ್ತದೆ. ನಡುಕ ಬಂದಾಗ ಹಿಂದೆ ಗಾಡಿಯಿಲ್ಲದ ರಸ್ತೆಯಲ್ಲಿ ಆಕ್ಸಿಲರೇಟರ್ ಹಾಗೇ ಹಿಡಿದು, ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಎಡಗಾಲಿನಿಂದ ಪೆಡಲ್ ಮುಟ್ಟಬೇಕು. ಬ್ರೇಕ್ ಸೂಚನೆ ಸಿಕ್ಕೊಡನೆ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ. ನಡುಕ ಆ ಕ್ಷಣವೇ ನಿಂತರೆ ಕಳ್ಳ ಸಿಕ್ಕಿಬಿದ್ದ.

ಇದೇ ನಡುಕ ಅಲ್ಟ್ರಾಡ್ರೈವ್‌ಗೂ ಕೆಟ್ಟ ಹೆಸರು ತಂದಿತು. ಆ ಪೆಟ್ಟಿಗೆಗೆ ಕ್ರೈಸ್ಲರ್‌ನದೇ ಎಣ್ಣೆ ಬೇಕಿತ್ತು. ಆದರೆ ಜನರಲ್ ಮೋಟರ್ಸ್ ಮಾನದಂಡದ ಡೆಕ್ಸ್‌ರಾನ್ ಕೂಡ ನಡೆಯುತ್ತದೆ ಎಂಬ ಸೂಚನೆಯೂ ಗಾಡಿಯ ಜೊತೆಗೇ ಬಂದಿತ್ತು. ಡೆಕ್ಸ್‌ರಾನ್ ಕುಡಿದ ಪೆಟ್ಟಿಗೆಗಳು ನಡುಗಿದವು, ಎಷ್ಟೋ ಕೆಟ್ಟವು. ಹುಂಡೈನ ಹಳೆಯ ಪೆಟ್ಟಿಗೆಗೆ ಎಸ್‌ಪಿ-3, ಟೊಯೊಟಾಗೆ ಟಿ-4 ಅಥವಾ ಡಬ್ಲ್ಯುಎಸ್, ಹೋಂಡಾಗೆ ಡಿಡಬ್ಲ್ಯು-1 ಎಂದು ಕಂಪನಿಗಳು ಬೇರೆ ಬೇರೆ ಹೇಳುವುದಕ್ಕೆ ವ್ಯಾಪಾರದ ಜೊತೆ ಈ ಕಾರಣವೂ ಇದೆ.

ಎರಡನೇ ಗೇರಿನಲ್ಲೇ ನಿಂತ ಬೆಂಜ್

ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಕಿರುಚುತ್ತದೆ, ವೇಗ ಏರುವುದಿಲ್ಲ. ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಕಂಪ್ಯೂಟರಿಗೆ ಯಾವುದೋ ಸೆನ್ಸರಿನ ಲೆಕ್ಕ ತಾಳೆಯಾಗದಿದ್ದಾಗ, ಇನ್ನಷ್ಟು ಹಾನಿಯಾಗದಿರಲಿ ಎಂದು ಸೊಲೆನಾಯ್ಡ್‌ಗಳ ವಿದ್ಯುತ್ ಕಡಿದುಬಿಡುತ್ತದೆ. ವಿದ್ಯುತ್ ಇಲ್ಲದೆಯೂ ಎಣ್ಣೆಯ ಒತ್ತಡದಿಂದಲೇ ಹಿಡಿಯುವ ಒಂದು ಗೇರನ್ನು ತಯಾರಕರು ಉಳಿಸಿರುತ್ತಾರೆ. ಮೆಲ್ಲಗೆ ಮನೆಗೋ ಗ್ಯಾರೇಜಿಗೋ ತಲುಪಲಿ ಎಂದು.

ಮರ್ಸಿಡಿಸ್ 1996ರಿಂದ ಬಳಸಿದ 722.6 ಎಂಬ ಐದು ಗೇರಿನ ಪೆಟ್ಟಿಗೆ ಇದಕ್ಕೆ ಹೆಸರುವಾಸಿ. ದೋಷ ಕಂಡ ಮೇಲೆ ಎಂಜಿನ್ ಆಫ್ ಮಾಡಿ ಮತ್ತೆ ಚಾಲೂ ಮಾಡಿದರೆ ಎರಡನೇ ಗೇರು ಮತ್ತು ರಿವರ್ಸ್ ಎರಡೇ ಸಿಗುತ್ತವೆ. ಲಕ್ಷಗಟ್ಟಲೆ ಖರ್ಚು ಬಂತೆಂದು ಮಾಲೀಕರಿಗೆ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಸಲ ತಪ್ಪಿತಸ್ಥ ಜಾಗ ಗೇರ್‌ಬಾಕ್ಸಿನ ಪಕ್ಕದಲ್ಲಿರುವ 13 ಪಿನ್ನಿನ ಪ್ಲಾಸ್ಟಿಕ್ ಕನೆಕ್ಟರ್. ಅದರ ರಬ್ಬರ್ ಉಂಗುರಗಳು ಗಡುಸಾದಾಗ ಎಣ್ಣೆ ಹೊರಕ್ಕೆ ಜಿನುಗುತ್ತದೆ. ನೆಲಕ್ಕೆ ತೊಟ್ಟಿಕ್ಕುವುದರ ಜೊತೆಗೆ, ತಂತಿಯ ಎಳೆಗಳ ಸಂದಿ ಹಿಡಿದು ಮೇಲಕ್ಕೇರಿ, ಗೇರ್‌ಬಾಕ್ಸಿನ ಕಂಪ್ಯೂಟರ್ ಪೆಟ್ಟಿಗೆಯ ಪಿನ್ನುಗಳವರೆಗೂ ತಲುಪುತ್ತದೆ. ಆ ಪ್ಲಗ್ ಬಿಚ್ಚಿ ನೋಡಿ, ಒಳಗೆ ಎಣ್ಣೆಯ ಪಸೆ ಇದ್ದರೆ ಕನೆಕ್ಟರ್ ಬದಲಿಸಿ, ಪಿನ್ನುಗಳನ್ನು ಒರೆಸಿ ಒಣಗಿಸುವುದು ಮೊದಲ ಕೆಲಸ. ಗೇರ್‌ಬಾಕ್ಸನ್ನು ಇಳಿಸದೆಯೇ ಇದನ್ನು ಮಾಡಬಹುದು. ಆಮೇಲೂ ಸರಿಹೋಗದಿದ್ದರೆ ವೇಗದ ಸೆನ್ಸರುಗಳನ್ನು ಹೊತ್ತಿರುವ ಕಂಡಕ್ಟರ್ ಪ್ಲೇಟ್ ಕಡೆ ನೋಡಬೇಕು. ಅದನ್ನೂ ಪ್ಯಾನ್ ಮತ್ತು ವಾಲ್ವ್ ಬಾಡಿ ಬಿಚ್ಚಿ ಬದಲಿಸಬಹುದು.

ಇಂಥ ಹೊತ್ತಿನಲ್ಲಿ ಬ್ಯಾಟರಿ ಕಳಚಿ ದೋಷದ ನೆನಪು ಅಳಿಸುವ ಮೊದಲು ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಳ್ಳಬೇಕು. ಪಿ0700 ಎಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೂರು ದಾಖಲಾಗಿದೆ ಎಂದಷ್ಟೇ. ಪಿ0715 ಒಳಬರುವ ಶಾಫ್ಟಿನ ವೇಗದ ಸೆನ್ಸರ್, ಪಿ0720 ಹೊರಹೋಗುವ ಶಾಫ್ಟಿನ ಸೆನ್ಸರ್. ಪಿ0740 ಲಾಕಪ್ ಕ್ಲಚ್. ಪಿ0750, ಪಿ0755 ಸೊಲೆನಾಯ್ಡ್‌ಗಳು. ಪಿ0730 ಬಂದರೆ ಮಾತ್ರ ಸ್ವಲ್ಪ ಗಂಭೀರ. ಹಾಕಿದ ಗೇರಿನ ಅನುಪಾತಕ್ಕೂ ಶಾಫ್ಟುಗಳ ವೇಗಕ್ಕೂ ತಾಳೆಯಿಲ್ಲ, ಅಂದರೆ ಎಲ್ಲೋ ಜಾರುತ್ತಿದೆ. ಸ್ಕ್ಯಾನರ್ ಇಲ್ಲದವರಿಗೂ ಸೂಚನೆಯಿದೆ. ಹೋಂಡಾದಲ್ಲಿ ಮೀಟರ್ ಬೋರ್ಡಿನ ‘ಡಿ’ ದೀಪ, ಓವರ್‌ಡ್ರೈವ್ ಗುಂಡಿಯಿರುವ ಹಳೆಯ ಟೊಯೊಟಾಗಳಲ್ಲಿ ‘ಓ/ಡಿ ಆಫ್’ ದೀಪ ಮಿಟುಕತೊಡಗಿದರೆ ಗೇರ್‌ಬಾಕ್ಸ್ ದೂರು ಕೊಡುತ್ತಿದೆ ಎಂದು ತಿಳಿಯಬೇಕು.

ಪಕ್ಕದವರ ತಪ್ಪಿಗೆ ಗೇರ್‌ಬಾಕ್ಸಿಗೆ ಶಿಕ್ಷೆ

ಗೇರ್‌ಬಾಕ್ಸಿನ ಹೊರಗಿದ್ದೂ ಅದರ ಮೇಲೆ ತಪ್ಪು ಹೊರಿಸುವ ಭಾಗಗಳ ಪಟ್ಟಿಯಲ್ಲಿ ಹರಿದ ಎಂಜಿನ್ ಮೌಂಟಿಂಗ್ ಮೊದಲನೆಯದು. ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ ಬರುವ ‘ಧಡ್’ ಸದ್ದು ಗೇರಿನದಾಗಿರದೆ, ರಬ್ಬರ್ ಹರಿದ ಎಂಜಿನ್ ಮಗ್ಗುಲು ಬದಲಿಸುವ ಸದ್ದಾಗಿರಬಹುದು. ಬಾನೆಟ್ ಎತ್ತಿ, ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಒಬ್ಬರು ಗೇರು ಬದಲಿಸುವಾಗ ಇನ್ನೊಬ್ಬರು ಪಕ್ಕಕ್ಕೆ ನಿಂತು ಎಂಜಿನ್ ಎಷ್ಟು ಹೊರಳುತ್ತದೆ ನೋಡಿದರೆ ತಿಳಿಯುತ್ತದೆ. ಗಾಡಿಯ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಸೊರಗಿದ ಬ್ಯಾಟರಿ, ತುಕ್ಕು ಹಿಡಿದ ಅರ್ಥಿಂಗ್ ವೈರು, ಮಸಿ ಕಟ್ಟಿದ ಥ್ರಾಟಲ್ ಬಾಡಿ, ಮಿಸ್ ಹೊಡೆಯುವ ಎಂಜಿನ್ ಇವೆಲ್ಲ ಗೇರಿನ ರೋಗದ ವೇಷ ಹಾಕಬಲ್ಲವು. ಕಾಲು ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಎಳೆಯುತ್ತಿದೆ ಎಂಬ ಮಾಹಿತಿ ತಪ್ಪಾದರೆ ಗೇರು ಬದಲಿಸುವ ಹೊತ್ತೂ ತಪ್ಪುತ್ತದೆ.

ಕಂಪ್ಯೂಟರ್ ಇಲ್ಲದ ಇನ್ನೂ ಹಳೆಯ ಕಾರುಗಳಲ್ಲಿ ಈ ಮಾಹಿತಿ ಕೊಡುತ್ತಿದ್ದದ್ದು ಕೇಬಲ್ ಅಥವಾ ಎಂಜಿನ್ನಿನ ವ್ಯಾಕ್ಯೂಮ್. 1982ರಲ್ಲಿ ಬಂದ ಜನರಲ್ ಮೋಟರ್ಸ್‌ನ 700ಆರ್4 ಪೆಟ್ಟಿಗೆಯಲ್ಲಿ ಥ್ರಾಟಲ್‌ನಿಂದ ಬರುವ ಕೇಬಲ್ ಸಡಿಲವಾಗಿದ್ದರೆ ಒತ್ತಡ ಸಾಲದೆ ಕ್ಲಚ್ಚುಗಳು ಬೇಗನೆ ಸುಟ್ಟುಹೋಗುತ್ತಿದ್ದವು. ಅದಕ್ಕಿಂತ ಹಳೆಯ ಟರ್ಬೊ ಹೈಡ್ರಾಮ್ಯಾಟಿಕ್ 350ರಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ. ಅದರ ಒಳಪರೆ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನು ಹೀರಿ ಸುಡುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ, ಆದರೂ ಎಣ್ಣೆ ಕಡಿಮೆಯಾಗುತ್ತಿದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಗೇರು ಬೀಳುವುದು ತಡ. ಈ ಮೂರೂ ಸೇರಿದರೆ ಡಬ್ಬಿಯ ವ್ಯಾಕ್ಯೂಮ್ ಪೈಪ್ ಕಿತ್ತು ಒಳಗೆ ಎಣ್ಣೆಯಿದೆಯೇ ಎಂದು ನೋಡಿದರೆ ಸಾಕು.

ಎಣ್ಣೆ ಬದಲಿಸಿದ್ದಕ್ಕೇ ಕೆಟ್ಟಿತೇ?

‘ಚೆನ್ನಾಗಿಯೇ ಇತ್ತು, ಆಯಿಲ್ ಬದಲಿಸಿದ ತಿಂಗಳಲ್ಲೇ ಗೇರ್‌ಬಾಕ್ಸ್ ಹೋಯ್ತು’ ಎಂಬ ಮಾತು ಗ್ಯಾರೇಜುಗಳಲ್ಲಿ ಹಳೆಯದು. ಅದರಲ್ಲಿ ಅರ್ಧ ನಿಜವಿದೆ. ಅನೇಕರಿಗೆ ಎಟಿಎಫ್ ನೆನಪಾಗುವುದೇ ಗೇರು ಜಾರತೊಡಗಿದ ಮೇಲೆ. ಅಷ್ಟರಲ್ಲಿ ಪ್ಲೇಟು ಸವೆದಿರುತ್ತದೆ. ಹೊಸ ಎಣ್ಣೆ ಹಾಕಿದರೆ ಅದು ಮತ್ತೆ ಬೆಳೆಯುವುದಿಲ್ಲ. ವರ್ಷಗಟ್ಟಲೆ ಮುಟ್ಟದ ಪೆಟ್ಟಿಗೆಗೆ ಮೆಷಿನ್ ಹಾಕಿ ರಭಸದಿಂದ ತೊಳೆದರೆ, ತಳದಲ್ಲಿ ಕೂತಿದ್ದ ಕೆಸರು ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ನಿಧಾನದ ದಾರಿ ಸುರಕ್ಷಿತ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಹೆಚ್ಚಿನ ಪೆಟ್ಟಿಗೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಎಣ್ಣೆ ಹೊರಬರುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಬಂದಷ್ಟನ್ನು ಅಳೆದು ಅಷ್ಟೇ ಹೊಸದು ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಅದನ್ನೇ ಎರಡು ಮೂರು ಸಲ ಮಾಡುವುದು. ಎಂದೂ ಬದಲಿಸಬೇಕಿಲ್ಲ ಎಂಬ ಕಂಪನಿಯ ಮಾತನ್ನು ನಂಬಿ ಕೂರುವುದೂ ಅಪಾಯವೇ. 722.6 ಪೆಟ್ಟಿಗೆಗೆ ಜೀವನಪರ್ಯಂತ ಸಾಕು ಎಂದು ಎಣ್ಣೆ ತುಂಬಿ, ಡಿಪ್‌ಸ್ಟಿಕ್ ಕೂಡ ಕೊಡದೆ ನಳಿಗೆಗೆ ಬೀಗಮುದ್ರೆ ಹಾಕಿದ್ದ ಮರ್ಸಿಡಿಸ್, ಆಮೇಲೆ ಎಣ್ಣೆ ಬದಲಿಸುವ ಅವಧಿಯನ್ನು ತಾನೇ ಸೂಚಿಸಿತು.

ಎಣ್ಣೆಯನ್ನು ಮುದಿಯಾಗಿಸುವುದು ಬಿಸಿ. ಏಪ್ರಿಲ್ 2004ರಲ್ಲಿ ಹೋಂಡಾ ಅಮೆರಿಕದಲ್ಲಿ ಸುಮಾರು 11 ಲಕ್ಷ ಕಾರುಗಳನ್ನು ವಾಪಸ್ ಕರೆಸಿದ್ದು, ಎರಡನೇ ಗೇರಿಗೆ ಸಾಕಷ್ಟು ಎಣ್ಣೆ ಬೀಳದೆ ಅದು ಕಾದು ಹಲ್ಲು ಮುರಿಯುವ ಸಾಧ್ಯತೆ ಕಂಡದ್ದರಿಂದ. ಹೆಚ್ಚು ಓಡಿದ ಗಾಡಿಗಳಲ್ಲಿ ತಂತ್ರಜ್ಞರು ಗೇರಿನ ಬಣ್ಣ ನೋಡುತ್ತಿದ್ದರು. ಬಿಸಿಗೆ ಬಣ್ಣ ತಿರುಗಿದ್ದರೆ ಪೆಟ್ಟಿಗೆಯನ್ನೇ ಬದಲಿಸುತ್ತಿದ್ದರು, ಇಲ್ಲದಿದ್ದರೆ ಆ ಗೇರಿನ ಮೇಲೆ ಎಣ್ಣೆ ಬೀಳುವಂತೆ ಹೊಸ ದಾರಿ ಮಾಡಿಕೊಡುತ್ತಿದ್ದರು.

ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಹಾಕಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವ ಹಳೆಯ ಆಟೊಮ್ಯಾಟಿಕ್ ಇದೇ ಬಿಸಿಯನ್ನು ಎದುರಿಸುತ್ತದೆ. ಡ್ರೈವ್‌ನಲ್ಲೇ ಬಿಟ್ಟರೆ ಪ್ರತಿ ತಿರುವಿಗೂ ಮೂರಕ್ಕೆ ಏರಿ ಎರಡಕ್ಕೆ ಇಳಿಯುತ್ತ ಕ್ಲಚ್ಚುಗಳು ಕಾಯುತ್ತವೆ. ‘2’ಕ್ಕೋ ‘ಎಲ್’ಗೋ ಹಾಕಿ ಒಂದೇ ಗೇರಿನಲ್ಲಿ ಹತ್ತಿಸುವುದು, ಅದೇ ಗೇರಿನಲ್ಲಿ ಎಂಜಿನ್ ಬ್ರೇಕ್ ಹಿಡಿದು ಇಳಿಸುವುದು ಮೇಲು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬಾರದು. ಎಣ್ಣೆಯ ಪಂಪನ್ನು ತಿರುಗಿಸುವುದು ಎಂಜಿನ್. ಅದು ಆಫ್ ಆಗಿದ್ದು ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಒಣಗಿಯೇ ಉಜ್ಜಿಕೊಳ್ಳುತ್ತವೆ. ಫ್ಲಾಟ್‌ಬೆಡ್ ಲಾರಿ ಕರೆಸಬೇಕು, ಇಲ್ಲವೇ ಎಂಜಿನ್ನಿನ ಬಲ ಹೋಗುವ ಚಕ್ರಗಳನ್ನು ನೆಲದಿಂದ ಎತ್ತಬೇಕು.

ಕೊಳ್ಳುವವರು, ಬದಲಿಸುವವರು

ಹಳೆಯ ಆಟೊಮ್ಯಾಟಿಕ್ ಕೊಳ್ಳುವವರು ಮಾರುವವರಿಗೆ ‘ಮೊದಲೇ ಸ್ಟಾರ್ಟ್ ಮಾಡಿಡಬೇಡಿ’ ಎಂದು ಹೇಳಿ ಹೋಗುವುದು ಒಳ್ಳೆಯದು. ತಣ್ಣಗಿನ ಗಾಡಿಯಲ್ಲಿ ಬ್ರೇಕ್ ಒತ್ತಿ ಪಾರ್ಕ್‌ನಿಂದ ರಿವರ್ಸ್, ಆಮೇಲೆ ಡ್ರೈವ್. ಎರಡೂ ಹೆಚ್ಚು ಕಡಿಮೆ ಒಂದು ಸೆಕೆಂಡಿನಲ್ಲಿ ಹಿಡಿಯಬೇಕು. ಅರ್ಧ ಗಂಟೆ ಓಡಿಸಿದ ಮೇಲೆ ಅದೇ ಪರೀಕ್ಷೆ ಇನ್ನೊಮ್ಮೆ. ಸ್ಕ್ಯಾನರಿನಲ್ಲಿ ಕೋಡ್ ಇಲ್ಲ ಎಂದಷ್ಟಕ್ಕೆ ಸಮಾಧಾನ ಪಡುವಂತಿಲ್ಲ. ಕಂಪ್ಯೂಟರಿನ ಸ್ವಯಂ ತಪಾಸಣೆಗಳಾದ ‘ರೆಡಿನೆಸ್ ಮಾನಿಟರ್’ಗಳು ಇನ್ನೂ ಪೂರ್ತಿಯಾಗಿಲ್ಲ ಎಂದು ತೋರಿಸಿದರೆ, ಯಾರೋ ಈಚೆಗೆ ಬ್ಯಾಟರಿ ಕಳಚಿದ್ದಾರೆ ಅಥವಾ ಕೋಡ್ ಅಳಿಸಿದ್ದಾರೆ. ಸರ್ವಿಸ್ ಬಿಲ್ಲಿನಲ್ಲಿ ಎಟಿಎಫ್ ಬದಲಿಸಿದ ದಿನಾಂಕದ ಜೊತೆ ಯಾವ ಎಣ್ಣೆ ಎಂಬುದೂ ಬರೆದಿರಬೇಕು.

ಇಷ್ಟೆಲ್ಲ ನೋಡಿಯೂ ಗೇರ್‌ಬಾಕ್ಸೇ ಹೋಗಿದೆ ಎಂದು ಖಾತ್ರಿಯಾದರೆ ಉಳಿಯುವ ದಾರಿ ಎರಡು, ಓವರ್‌ಹಾಲ್ ಅಥವಾ ಗುಜರಿಯಿಂದ ತಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ಗುಜರಿಗೆ ಹೋಗುವಾಗ ಹಳೆಯ ಪೆಟ್ಟಿಗೆಯ ಮೇಲಿನ ಸಂಖ್ಯೆಯ ಫೋಟೊ ಕೈಯಲ್ಲಿರಬೇಕು. ಒಂದೇ ಮಾಡೆಲ್ಲಿನ ಕಾರಿಗೂ ವರ್ಷ ಬದಲಾದಾಗ ಪೆಟ್ಟಿಗೆ, ಕಂಪ್ಯೂಟರ್ ಬದಲಾಗಿರಬಹುದು. ತಂದದ್ದನ್ನು ಕೂರಿಸುವ ಮೊದಲು ರೇಡಿಯೇಟರಿನೊಳಗಿನ ಎಟಿಎಫ್ ಕೂಲರನ್ನೂ ಅದರ ಪೈಪುಗಳನ್ನೂ ತೊಳೆಸಲೇಬೇಕು. ಕೆಟ್ಟ ಪೆಟ್ಟಿಗೆ ಉಗುಳಿದ ಲೋಹದ ಪುಡಿ ಅಲ್ಲೇ ಕೂತಿರುತ್ತದೆ, ಎಂಜಿನ್ ಚಾಲೂ ಆದೊಡನೆ ನೇರ ಹೊಸ ಪೆಟ್ಟಿಗೆಯೊಳಕ್ಕೆ ಹೋಗುತ್ತದೆ. ಗ್ಯಾರೇಜಿನವರು ಕೊಡುವ ಬಿಲ್ಲಿನಲ್ಲಿ ಕೂಲರ್ ತೊಳೆದದ್ದಕ್ಕೂ ಒಂದು ಸಾಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ, ಆಮೇಲೆ ದುಡ್ಡು ಎಣಿಸಬೇಕು.